ಸುಮಯ್ಯಳ ದಾದಿ

ಪಾಂಡವಪುರದಿಂದ ದಿನಾ ಬಸ್ಸಿನಲ್ಲಿ ಬಂದು ಶ್ರೀರಂಗಪಟ್ಟಣದ ಶಾಲೆಯೊಂದರಲ್ಲಿ ಒಂದನೇ ತರಗತಿಗೆ ಪಾಠ ಹೇಳುವ ಮೇಘನಳಿಗೆ ಆ ಸೋಮವಾರ ಅವಸರವಿತ್ತು. ಚಿತ್ರದ ಕೆಳಗೆ ಪದ ಬರೆದ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ಹಿಡಿಯುತ್ತಿದ್ದಳು. ಮನೆ, ಮರ, ಹಸು ಆಯಿತು. ಕನ್ನಡಕ ಹಾಕಿದ ಮುದುಕಿಯ ಚಿತ್ರ ಬಂದಾಗ ಯಾವತ್ತೂ ಮುಂದೆ ಬಾರದ ಸುಮಯ್ಯ ಎದ್ದು ನಿಂತು, "ದಾದಿ" ಎಂದಳು.

"ದಾದಿ ಅಂದ್ರೆ ಆಸ್ಪತ್ರೇಲಿ ಸೂಜಿ ಚುಚ್ಚೋರು ಕಣಮ್ಮಿ. ಇದು ಅಜ್ಜಿ. ತಪ್ಪು ಹೇಳ್ಬೇಡ."

ಮಕ್ಕಳು ಗೊಳ್ಳೆಂದು ನಕ್ಕವು. ಮೇಘನಳೂ ನಕ್ಕಳು. ಮುಸಲ್ಮಾನರ ಮನೆಯಲ್ಲಿ ಅಪ್ಪನ ತಾಯಿಯನ್ನು ದಾದಿ ಎನ್ನುತ್ತಾರೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದು ಹೊಳೆಯುವಷ್ಟರಲ್ಲಿ ಮುಂದಿನ ಕಾರ್ಡು ಕೈಗೆ ಬಂದಾಗಿತ್ತು. ಆಮೇಲೆ ಹೇಳಿದರಾಯಿತು ಎಂದುಕೊಂಡವಳು ಮರೆತೇಬಿಟ್ಟಳು.

ಹುಡುಗರು ಸುಮಯ್ಯಳನ್ನು "ಸೂಜಿ" ಎಂದು ಕರೆಯತೊಡಗಿದರು. ಅವಳು ತರಗತಿಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಕೊನೆಗೆ ಶಾಲೆಗೂ ಬಾರದಾದಾಗ ಮೇಘನ ಒಂದು ಸಂಜೆ ಅವರ ಮನೆ ಹುಡುಕಿಕೊಂಡು ಹೋದಳು. ಬಾಗಿಲು ತೆಗೆದದ್ದು ಅಜ್ಜಿ ಜಹೀರುನ್ನೀಸಾ. ಕೂರಿಸಿ ಚಾ ಕೊಟ್ಟರು.

"ಮಗೂಗೆ ಹುಷಾರಿಲ್ವಾ?"

"ಮೈಗೇನೂ ಆಗಿಲ್ಲ ಮಿಸ್ಸು. ಮಾತು ಕಮ್ಮಿ ಮಾಡ್ಬುಟ್ಟದೆ. ನನ್ನೂ ದಾದಿ ಅಂತ ಕರೀತಿಲ್ಲ. ಯಾಕೆ ಬೇಟಿ ಅಂದ್ರೆ, ಅದು ತಪ್ಪು ಮಾತು, ಮಿಸ್ ಹೇಳವ್ರೆ ಅಂತದೆ. ನೀವು ಓದ್ದೋರು, ನೀವು ಹೇಳಿದ್ಮೇಲೆ ಸರೀನೇ ಇರ್ತದೆ. ಅಜ್ಜಿ ಅಂತಾನೇ ಅನ್ಲಿ ಬುಡಿ."

ಆ ದನಿಯಲ್ಲಿ ದೂರಿನ ಸುಳಿವೂ ಇರಲಿಲ್ಲ. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಮೇಘನಳಿಗೆ. ಚಾ ಲೋಟ ಕೆಳಗಿಟ್ಟಳು.

"ತಪ್ಪು ಅವಳದಲ್ಲಮ್ಮಾ, ನಂದು," ಎಂದಳು.

"ತೌಬಾ, ಅಂಗೆಲ್ಲಾ ಅನ್ಬೇಡಿ," ಎಂದು ಮುದುಕಿ ಅವಳ ಕೈ ಹಿಡಿದುಕೊಂಡರು. ಒಳಬಾಗಿಲ ಪರದೆಯ ಹಿಂದೆ ಸುಮಯ್ಯ ನಿಂತಿದ್ದಳು. ಕರೆದರೂ ಹೊರಗೆ ಬರಲಿಲ್ಲ.

ಮರುದಿನ ಸುಮಯ್ಯಳನ್ನು ಅವಳಪ್ಪ ಕಲೀಂ ಆಟೋದಲ್ಲಿ ಶಾಲೆಗೆ ತಂದು ಬಿಟ್ಟುಹೋದ. ಮೇಘನ ಅದೇ ಚಿತ್ರದ ಕೆಳಗೆ, ಅಜ್ಜಿ ಎಂಬುದರ ಪಕ್ಕದಲ್ಲೇ, ದಾದಿ ಎಂದು ದಪ್ಪಗೆ ಬರೆದಿಟ್ಟಿದ್ದಳು.

"ಅವತ್ತು ಸುಮಯ್ಯ ಹೇಳಿದ್ದು ಸರಿ. ಅವರ ಮನೇಲಿ ಅಜ್ಜೀನ ದಾದಿ ಅಂತಾರೆ. ನಾನು ತಪ್ಪು ಹೇಳ್ದೆ, ನಕ್ಕೆ ಬೇರೆ. ಇನ್ಮೇಲೆ ಯಾರೂ ಅವಳನ್ನ ಸೂಜಿ ಅನ್ಬಾರ್ದು."

ಮಕ್ಕಳೆಲ್ಲ ಎರಡೂ ಪದ ಓದಿದರು. ಸುಮಯ್ಯಳೂ ತುಟಿಯಲ್ಲೇ ಓದಿದಳು, ನಗಲಿಲ್ಲ.

ಅಡ್ಡಹೆಸರು ಆಮೇಲೆ ನಿಂತಿತು. ಮನೆಯಲ್ಲಿ ಮತ್ತೆ ದಾದಿ ಎನ್ನುತ್ತಿದ್ದಾಳೆಂದು ಜಹೀರುನ್ನೀಸಾ ಹೇಳಿ ಕಳಿಸಿದರು. ಈಗ ಅವಳು ತರಗತಿಯ ಎಷ್ಟೋ ಮಕ್ಕಳಿಗಿಂತ ಚೆನ್ನಾಗಿ ಪದ ಕೂಡಿಸಿ ಓದುತ್ತಾಳೆ. ಆದರೆ ಹೊಸ ಪದ ಬಂದಾಗಲೆಲ್ಲ ಮೊದಲು ಮೇಘನಳ ಮುಖ ನೋಡಿ ಮೆಲ್ಲಗೆ ಕೇಳುತ್ತಾಳೆ:

"ಇದು ಅನ್ಬೋದಾ ಮಿಸ್?"

"ಅನ್ಬೋದು ಕಣವ್ವಾ," ಎನ್ನುತ್ತಾಳೆ ಮೇಘನ, ಪ್ರತಿಸಲವೂ.