ಗಂಜಿ ಹಾಕಿದ ಕೋಟು

ಗಂಜಿಗೆ ಉಪ್ಪು ಹಾಕುವುದು ಪಾತ್ರೆಗೋ ಬಟ್ಟಲಿಗೋ ಎಂಬುದು ದೇಶವೇ ಒಟ್ಟಾಗಿ ಕೂತು ತೀರ್ಮಾನಿಸಬೇಕಾದ ವಿಷಯ, ಈ ಬೆಳಿಗ್ಗೆಯವರೆಗೆ ನನಗೂ ಅದು ಹೊಳೆದಿರಲಿಲ್ಲ, ನಮ್ಮ ತೆಕ್ಕಟ್ಟೆ ಮನೆಯಲ್ಲಿ ಪಾತ್ರೆಗೇ, ಅಪ್ಪ ಬಟ್ಟಲಲ್ಲಿ ಉಪ್ಪು ಕದಡುವವರಲ್ಲ, ಅಮ್ಮ ಒಂದು ಮುಷ್ಟಿ ಕಲ್ಲುಪ್ಪು ಹಾಕಿ ಸೌಟಿನಲ್ಲಿ ಎರಡು ಸುತ್ತು ತಿರುಗಿಸಿ ಮೇಲಿನ ಗಂಜಿನೀರು, ತೆಳಿ, ಬಸಿಯುತ್ತಾಳೆ, ಬಿಸಿ ನೀರು ಬೋಗುಣಿಗೆ ಬೀಳುತ್ತದೆ, ಬೋಗುಣಿಯಲ್ಲಿ ಬೆಂಗಳೂರಿನ ಫ್ಯಾಕ್ಟರಿಗೆ ಹಾಕಿಕೊಳ್ಳುವ ನನ್ನ ಬಿಳಿ ಕೋಟು — ಅಮ್ಮಾ, ಅದು ಉಪ್ಪು ಹಾಕಿದ ತೆಳಿಯಲ್ಲವಾ — ಮತ್ತೆಂತ, ಬಟ್ಟಿಗಂದೇಳಿ ಬೇರೆ ಗಂಜಿ ಬೇಯ್ಸುಕಾತ್ತಾ, ದೀಪಾವಳಿಗ್ ಬಂದಾಗ್ಳೂ ಹಾಂಗೇ ಹಾಕಿದ್ದಲ್ದಾ, ಇಂಜಿನಿಯರ್ ಅಂದ್ರೆ ಕೋಟ್ ಗರಿಗರಿ ಇರ್ಕ್. ದೀಪಾವಳಿಗೂ. ದೀಪಾವಳಿಯ ರಜೆ ಮುಗಿಸಿ ನಾನು ಕೆಲಸಕ್ಕೆ ಮರಳಿದ ಸೋಮವಾರದಿಂದಲೇ ಕೆಟ್ಟದ್ದು, ಕುಲುಮೆಯಿಂದ ಬಂದ ಸಿಲಿಕಾನ್ ಬಿಲ್ಲೆಗಳೆಲ್ಲ ಕಣ್ಣಿಗೆ ಕನ್ನಡಿಯ ಹಾಗೆ, ಬಿಸಿ ತಾಗಿದರೆ ಮಾತ್ರ ಹಾದಿ ತಪ್ಪಿದ ವಿದ್ಯುತ್ತು, ಎರಡು ವಾರದ ಚಿಪ್ಪು ಕಸದ ಡಬ್ಬಿಗೆ, ಬಿಲ್ಲೆ ಕೆಡಲು ಕಣ್ಣಿಗೆ ಕಾಣದಷ್ಟು ಉಪ್ಪು ಸಾಕು ಎಂದು ನಾನೇ ತರಬೇತಿಯಲ್ಲಿ ಹುಡುಗಿಯರಿಗೆ ಬೋರ್ಡಿನ ಮೇಲೆ ಬರೆದು ಕಲಿಸಿದ್ದೆ, ಮಿಕ್ಕವರ ಕೋಟು ಒಗೆಯುವುದು ಫ್ಯಾಕ್ಟರಿಯಲ್ಲಿ, ಮನೆಯಿಂದ ಒಗೆಸಿ ತಂದದ್ದು ನನ್ನದೊಂದೇ, ಬಿಲ್ಲೆಗಳನ್ನು ಕುಲುಮೆಗೆ ತಳ್ಳುವಾಗ ಬಾಗಿದ್ದೂ ನಾನೇ, ಗರಿಗರಿ ತೋಳು ಬಿಲ್ಲೆಗಳ ಮೇಲೆ. ಚಿಪ್ಪು ಅಂದರೆ ಅಮ್ಮನಿಗೆ ಹೊಳೆಯಲ್ಲಿ ಸಿಗುವ ಚಿಪ್ಪೇ, ಚಿಪ್ಪ್ ಹೆಕ್ಕುಕೆ ಬೆಂಗ್ಳೂರಿಗ್ ಹೋಯ್ಕಾ, ಅದ್ಕ್ ಅಷ್ಟೆಲ್ಲ ಓದ್ಕಾ ಎಂದು ನೆರೆಮನೆಯ ಉಮಾವತಿಯಕ್ಕನ ಹತ್ತಿರ ಹೇಳಿ ನಗುತ್ತಾಳೆ, ನಗುವಾಗ ಹೆಮ್ಮೆ ಜಾಸ್ತಿ. ಬಿಲ್ಲೆ ಕೆಟ್ಟ ಕಾರಣ ಹುಡುಕಲು ಕೂತ ದಿನ ಮ್ಯಾನೇಜರೂ ನಕ್ಕರು, ಕರಾವಳಿ ಹುಡುಗಿ ನೋಡಿ, ಕೈಬೆವರಲ್ಲೇ ಸಮುದ್ರ, ಬಿಲ್ಲೆಗಳನ್ನು ಚಿಮಟದಿಂದ ಎತ್ತಿಡುವ, ನಮ್ಮ ಕಡೆಯ ಗುಲ್ವಾಡಿಯ ಸುಂದರಿ ಎಂಬವಳ ಬಗ್ಗೆ, ಕೋಣೆಯಲ್ಲಿದ್ದ ಏಳು ಗಂಡಸರೂ ನಕ್ಕರು, ಅದೇ ಕರಾವಳಿಯ ನಾನೂ ನಕ್ಕೆ, ಮತ್ತೆ ಕಾರಣ ಕೆಲಸಗಾರ್ತಿಯ ಕೈಬೆವರು ಎಂದು ಟೈಪಾಗಿದ್ದ ವರದಿಗೆ ಪ್ರಫುಲ್ಲಾ ಎಂದು ದುಂಡಗೆ ಸಹಿ ಹಾಕಿದೆ, ಅವಳನ್ನು ಕೆಲಸಕ್ಕೆ ಶಿಫಾರಸು ಮಾಡಿದ ಪತ್ರದಲ್ಲೂ ಅದೇ ದುಂಡು ಸಹಿ, ವಿಚಾರಣೆ ಬರುವ ಶನಿವಾರ, ಅಲ್ಲಿಯವರೆಗೆ ಊರಲ್ಲಿರು ಎಂದು ಅವಳನ್ನು ಕಳಿಸಿದ್ದಾರೆ.

ಹ್ವಾಯ್, ಪ್ರಫುಲ್ಲಕ್ಕ ಇದ್ರಾ — ಅಂಗಳದಲ್ಲಿ ಅವಳೇ, ಕೈಯಲ್ಲಿ ಎಲೆಗೆ ಸುತ್ತಿದ ಮೀನು, ನಾನು ಅಣ್ಣನ ಮಗುವಿಗೆ ಹೆಸರಿಡಲು ಬಂದ ಸುದ್ದಿ ಗುಲ್ವಾಡಿಗೂ ಮುಟ್ಟಿದೆ, ಅಮ್ಮ ಅವಳನ್ನು ಜಗಲಿಯಲ್ಲಿ ಕೂರಿಸಿ ತೆಳಿ ಕೊಟ್ಟಳು, ಅದೇ ಪಾತ್ರೆಯದು. ಒಂದೇ ಗುಟುಕಿಗೆ ಕುಡಿದು ಉಪ್ಪ್ ಸಮಾ ಆಯಿತ್ ಅಮ್ಮ ಎಂದಳು. ಎರಡೂ ಅಂಗೈ ನನ್ನ ಕಡೆ ಚಾಚಿದಳು, ಕಾಣಿ ಅಕ್ಕ, ಬೆವರ್ ಬತ್ತಿತಾ, ನಂಗ್ ಮೊದ್ಲಿಂದ್ಲೂ ಒಣ ಕೈಯೇ, ನೀವ್ ಒಂದ್ ಮಾತ್ ಬರದ್ರೆ ಸಾಕ್, ನಿಮ್ ಮಾತ್ ಕೇಂತ್ರ್. ಹೌದು, ಕೇಳುತ್ತಾರೆ, ಕೇಳಿದ ಮೇಲೆ ಇನ್ನೊಂದು ಮಾತೂ ಆಡುತ್ತಾರೆ, ಹೆಂಗಸನ್ನು ಇಂಜಿನಿಯರ್ ಮಾಡಿದರೆ ಅಡುಗೆಮನೆಯೂ ಹಿಂದೆಯೇ ಬರುತ್ತದೆ ಎಂದು, ಇಡೀ ಫ್ಯಾಕ್ಟರಿಗೆ ಅಂಥವಳು ನಾನೊಬ್ಬಳೇ, ಮುಂದಿನ ವರ್ಷ ಇನ್ನಿಬ್ಬರನ್ನು ತೆಗೆದುಕೊಳ್ಳುವುದೋ ಬೇಡವೋ ಎಂಬ ಕಡತ ಅದೇ ಮ್ಯಾನೇಜರ ಮೇಜಿನ ಮೇಲಿದೆ, ಎಷ್ಟು ಒಳ್ಳೆಯ ಕಾರಣ, ನನಗಾಗಿ ಅಲ್ಲವೇ ಅಲ್ಲ, ಮುಂದೆ ಬರುವವರಿಗಾಗಿ. ಬರೀತೆ ಎಂದೆ. ಸುಂದರಿ ನಕ್ಕು ಹೋದಳು. ಹನ್ನೊಂದರ ಟಪಾಲಿಗೆ ಹಾಕಿದರೆ ಶನಿವಾರಕ್ಕೆ ಮುಟ್ಟುತ್ತದೆ, ತಪ್ಪಿದರೆ ಇಲ್ಲ, ಇನ್‌ಲ್ಯಾಂಡ್ ಪತ್ರ ಮೊಣಕಾಲ ಮೇಲಿದೆ, ಮಾನ್ಯರೇ ಎಂದು ಬರೆದಿದ್ದೇನೆ, ಬರೆಯಬೇಕಾದ್ದು ಇನ್ನೊಂದೇ ಸಾಲು, ಉಪ್ಪು ನನ್ನ ತೋಳಿನದು, ಅಂಗಳದಲ್ಲಿ ಅಮ್ಮ ಕೋಟಿನ ಎರಡೂ ತೋಳಿಗೆ ಬಿದಿರ ಕೋಲು ತೂರಿಸಿ ನೇತುಹಾಕಿದ್ದಾಳೆ, ಕುತ್ತಿಗೆ ಇಲ್ಲದ ಕಾಲರು, ಚಾಚಿದ ತೋಳು, ಬಿಸಿಲಿಗೆ ಆಗಲೇ ಗರಿಗರಿ, ಮಾನ್ಯರೇ, ಅಂಗಳದಲ್ಲಿ ಚಾಚಿದ ತೋಳು, ಮಾನ್ಯರೇ, ಚಾಚಿದ ಎರಡು ಒಣ ಅಂಗೈ, ಕೋಟು, ಗಾಳಿ ಬಂದರೂ ಬಾಗದ ಆ ತೋಳು —

ಹನ್ನೊಂದರ ಟಪಾಲು ಹೋಯಿತು, ಪತ್ರ ಮೊಣಕಾಲ ಮೇಲೆಯೇ ಇತ್ತು.