ಬೀಗ ಬದಲಾದ ಸಾಲು

ಕಡಲತೀರದ ಜರ್ಜೀಸ್ ಎಂಬ ಊರಿನ ಪತ್ರಿಕೆಯಲ್ಲಿ ಇಪ್ಪತ್ತೆರಡು ವರ್ಷ ಸುದ್ದಿ ತಿದ್ದಿ ನಿವೃತ್ತನಾದ ಮೇಲೆ ನಾನು ಫೇಸ್‌ಬುಕ್‌ನಲ್ಲಿ ಒಂದು ಖಾತೆ ತೆರೆದೆ. ಬರೆಯುವವರಿಗೆ ಕಥೆಯ ಎಳೆ ಕೊಡುವ ಖಾತೆ. ಮೂರು ಪಟ್ಟಿ ಮಾಡಿಟ್ಟಿದ್ದೆ: ನಲವತ್ತು ಹೆಸರು, ನಲವತ್ತು ಕಸುಬು, ಅರವತ್ತು ಘಟನೆ. ಪ್ರತಿ ಬೆಳಿಗ್ಗೆ ಎಂಟಕ್ಕೆ ಯಂತ್ರ ಒಂದೊಂದನ್ನು ಎತ್ತಿ ಜೋಡಿಸಿ ಹಾಕುತ್ತಿತ್ತು. ನಾನು ನೋಡುತ್ತಲೂ ಇರಲಿಲ್ಲ.

ಮಾರ್ಚ್ ಹನ್ನೊಂದರಂದು ಅದು ಹಾಕಿದ್ದು ಇದು: ‘ಕಡಲಿಗೆ ಮಣ್ಣಿನ ಕುಡಿಕೆ ಇಳಿಬಿಟ್ಟು ಆಕ್ಟೋಪಸ್ ಹಿಡಿಯುವ ಲಮ್ಜೆದ್ ವರ್ಷಗಳ ನಂತರ ಮನೆಗೆ ಬರುತ್ತಾನೆ. ಬಾಗಿಲಿನ ಬೀಗ ಬದಲಾಗಿದೆ.’

ಯಾರೋ ಅದನ್ನು ಓದಿ ಹೇಳಿದ್ದರು; ಒಂಬತ್ತೂವರೆಗೆ ಮಬ್ರೂಕಾ ಚಿಕ್ಕಮ್ಮ ನನ್ನ ಮನೆಯಲ್ಲಿದ್ದರು. ನಮ್ಮ ಹಳೆಯ ಬೀದಿಯವರು. ಆಕ್ಟೋಪಸ್ ಹಿಡಿಯುತ್ತಿದ್ದ ಅವರ ಮಗ ಲಮ್ಜೆದ್ ಏಳು ವರ್ಷದ ಹಿಂದೆ ಇಟಲಿಗೆಂದು ದೋಣಿ ಹತ್ತಿದವನು. ಆ ದೋಣಿಯ ಸುದ್ದಿಯೇ ಬರಲಿಲ್ಲ.

“ಹಳೇ ಬೀಗ ತುಕ್ಕು ಹಿಡಿದಿತ್ತು. ಹೋದ ತಿಂಗಳು ಬದಲಾಯಿಸ್ದೆ,” ಎಂದರು. “ಅವನ್ನ ನೋಡಿದೋರ್ಯಾರು, ಫತ್ಹೀ?”

“ಯಾರೂ ನೋಡಿಲ್ಲ ಚಿಕ್ಕಮ್ಮ. ಅದು ಸುದ್ದಿ ಅಲ್ಲ.”

“ಪೇಪರ್‌ನೋರು ಯಾವತ್ತು ಯಾರ ಹೆಸರು ಹೇಳಿದ್ದೀರಿ? ‘ನಂಬಲರ್ಹ ಮೂಲಗಳು’ ಅಂತೀರಿ. ನಂಗಾದ್ರೂ ಹೇಳು.”

“ಯಂತ್ರ ಜೋಡಿಸಿದ್ದು.”

“ಯಂತ್ರಕ್ಕೆ ಅವನ ಹೆಸರು ಹೇಳ್ದೋರ್ಯಾರು?”

“ನಾನೇ.”

ಪಟ್ಟಿ ತೆರೆದು ತೋರಿಸಿದೆ. ಹೆಸರುಗಳೆಲ್ಲ ನಮ್ಮ ಬೀದಿಯವು. ಬರೆಯುವಾಗ ಕೈಗೆ ಸಿಕ್ಕಿದ್ದವು. ಮೂರೂ ಹೀಗೆ ಕೂಡಿಬರುವುದು ತೊಂಬತ್ತಾರು ಸಾವಿರಕ್ಕೆ ಒಂದು ಸಲ ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಅಂದ್ರೆ ಅವನು ಬಂದು ವಾಪಸ್ ಹೋಗಿಲ್ಲ.”

“ಬಂದು ಹೋದ ಅಂತ ಯಾರೂ ಹೇಳಿಲ್ಲ.”

“ಹಳೇ ಬೀಗದ ಕೀಲಿ ಅವನ ಹತ್ರಾನೇ ಇದೆ, ಮಗಾ. ಹೋಗುವಾಗ ಜೇಬಲ್ಲಿ ಹಾಕ್ಕೊಂಡು ಹೋದ. ನನ್ನ ಕೀಲಿ ಹೋದ ತಿಂಗಳು ಕಳೆದ್ಹೋಯ್ತು.”

ಲಮ್ಜೆದ್ ಹೆಸರು ತೆಗೆಯಲು ಕೈ ಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದರು.

“ಹೆಸರು ಇರ್ಲಿ. ಬೀಗದ್ದು ತೆಗಿ.”

ನಲವತ್ತೇಳನೆಯ ಸಾಲು. ಅಳಿಸಿದೆ. ಘಟನೆಗಳು ಐವತ್ತೊಂಬತ್ತಾದವು. ಅವರು ಕಾಫಿ ಮುಟ್ಟದೆ ಎದ್ದುಹೋದರು.

ನಾಲ್ಕು ದಿನದ ಮೇಲೆ ಮೀನುಪೇಟೆಗೆ ಹೋಗುವಾಗ ಆ ಬೀದಿಯಲ್ಲೇ ನಡೆದೆ. ಚಿಕ್ಕಮ್ಮ ಮನೆಯಲ್ಲಿರಲಿಲ್ಲ. ನೀಲಿ ಬಾಗಿಲಿಗೆ ಹಳೆಯ ಬೀಗ ತೂಗುತ್ತಿತ್ತು. ತುಕ್ಕನ್ನು ಕೆರೆದು, ಕೀಲಿ ಹೋಗುವ ರಂಧ್ರಕ್ಕೆ ಆಲಿವ್ ಎಣ್ಣೆ ಬಿಟ್ಟಿದ್ದರು; ಬಾಗಿಲ ಮೇಲೆ ಎಣ್ಣೆ ಇಳಿದ ಗೆರೆ ಇನ್ನೂ ಹಸಿಯಾಗಿತ್ತು. ಅದರ ಕೀಲಿ ಅವರ ಬಳಿ ಇಲ್ಲವೆಂದು ನನಗೆ ಗೊತ್ತಿತ್ತು. ಹತ್ತಿರ ಹೋಗಿ ನೋಡಿದೆ. ಬೀಗದ ಕೊಂಡಿಯನ್ನು ಒತ್ತಿ ಮುಚ್ಚಿರಲಿಲ್ಲ.