ಕೋಳಿಯ ಕಿವಿ

ಅಜ್ಜೀಪುರದ ಚೆಲುವಮ್ಮ ಒಂದು ವಾರದಿಂದ ತನ್ನ ಕರಿ ಹೇಂಟೆಯ ಮೈಯಲ್ಲಿ ಒಂದೇ ಒಂದು ಬಿಳಿ ಪುಕ್ಕ ಹುಡುಕುತ್ತಿದ್ದಳು. ಹಾಳಾದ್ದು, ರೆಕ್ಕೆಯಡಿಯಲ್ಲೂ ಕಪ್ಪೇ!

ತಪ್ಪು ಅವಳದೇ. ಗಂಡ ದೊಡ್ಡಮಾದಪ್ಪ ತೆಂಗಿನಮರದಿಂದ ಬಿದ್ದು ಕಾಲು ಮುರಿದುಕೊಂಡಾಗ, ಮೂಳೆ ಕೂಡಿಕೊಂಡರೆ ಎಲ್ಲೂ ಬಿಳಿ ಮಚ್ಚೆಯಿಲ್ಲದ ಕರಿ ಕೋಳಿ ಕೊಡುತ್ತೇನೆಂದು ಮಾರಮ್ಮನಿಗೆ ಹರಕೆ ಹೊತ್ತಿದ್ದಳು. ಮೂಳೆ ಕೂಡಿತು. ಹಿತ್ತಲಲ್ಲಿದ್ದ ಕೋಳಿಗಳಲ್ಲಿ ಒಂದಕ್ಕೆ ಬೋಳು ಕತ್ತು, ಒಂದು ಕೆಂಪು, ಉಳಿದವು ಚುಕ್ಕೆಯವು. ಕಪ್ಪು ಅಂದರೆ ಇದೊಂದೇ. ಹದ್ದಿನ ಮುಖಕ್ಕೇ ಹಾರಿ ಮರಿ ಉಳಿಸಿಕೊಂಡಿದ್ದೂ, ಸಂಜೆಯಾದರೆ ಚೆಲುವಮ್ಮನ ಸೆರಗು ಕುಕ್ಕಿ ರಾಗಿ ಕೇಳುತ್ತಿದ್ದುದೂ ಇದೇ. ಕೊಡಲು ಅವಳಿಗೆ ಮನಸ್ಸೇ ಇರಲಿಲ್ಲ. ನಾಳೆ ಮಂಗಳವಾರ, ಹರಕೆ ತೀರಿಸುವ ದಿನ. ದೊಡ್ಡಮಾದಪ್ಪ ಆಗಲೇ ಮಸಾಲೆ ಸಾಮಾನು ತಂದಿಟ್ಟಿದ್ದ. ಅಷ್ಟೊಂದು ಭಕ್ತಿ ಮಹರಾಯನಿಗೆ.

ಆ ಸೋಮವಾರ ಬೆಳಿಗ್ಗೆ, ಕೋಳಿ ಮುಚ್ಚಿದ ಮಂಕರಿ ಎತ್ತುವ ಮೊದಲೇ ಸೌಮ್ಯ ಎಂಬ ಹುಡುಗಿ ಬಂದಳು. ದನದ ಡಾಕ್ಟರಿಕೆ ಓದುವವಳು. ನಾಟಿಕೋಳಿಗಳ ಬಣ್ಣ, ಜುಟ್ಟು, ಕಾಲು ನೋಡಿ ಬರೆದುಕೊಳ್ಳಲು ಊರೂರು ಸುತ್ತುತ್ತಿದ್ದಳು. ಓದಿದ ಕಣ್ಣಿಗಾದರೂ ಬಿಳುಪು ಕಾಣಲಿ ಎಂದು ಚೆಲುವಮ್ಮ ಕರಿ ಹೇಂಟೆಯನ್ನೇ ಮೊದಲು ಅವಳ ಮಡಿಲಿಗಿಟ್ಟಳು.

ಸೌಮ್ಯ ಕಾಲು ನೋಡಿ ಕಪ್ಪು ಎಂದು ಬರೆದಳು. ಪುಕ್ಕ ಬಿಡಿಸಿ ನೋಡಿ ಅದನ್ನೂ ಕಪ್ಪು ಎಂದಳು. ಚೆಲುವಮ್ಮನ ಜೀವ ಕುಗ್ಗಿತು. ಆಮೇಲೆ ಹುಡುಗಿ ಕೋಳಿಯ ಕೆನ್ನೆಯ ಗರಿ ಸರಿಸಿ, "ಕಿವಿ ಬಿಳಿ," ಎಂದಳು.

"ಕೋಳಿಗೂ ಕಿವಿ ಅದಾ ಕೂಸು?"

ಇತ್ತು. ಕಡಲೆಬೇಳೆಯಷ್ಟಗಲ, ಸುಣ್ಣದ ಹಾಗೆ ಬೆಳ್ಳಗೆ. ಚೆಲುವಮ್ಮನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ದೊಡ್ಡಮಾದಪ್ಪ ಬಿಡುತ್ತಾನೆಯೇ? ಕಿವಿ ಲೆಕ್ಕಕ್ಕಿಲ್ಲ ಎಂದ, ದೇವರು ಅಷ್ಟು ಬಗ್ಗಿ ನೋಡುವುದಿಲ್ಲ ಎಂದ. ಹೆಂಡತಿ ಜಗ್ಗದಿದ್ದಾಗ ಮುಖ ಸಣ್ಣದು ಮಾಡಿಕೊಂಡು, "ಅಂಗಾದ್ರೆ ನನ್ ಕಾಲು?" ಎಂದ.

ಅದು ಅವಳ ಎದೆಗೆ ನಾಟಿತು. ಬೇರೆ ಕೋಳಿ ಹುಡುಕಲು ಅವನನ್ನು ಸೌಮ್ಯಳ ಜೊತೆ ಅಟ್ಟಿದಳು. ಪಾಪ, ಮಧ್ಯಾಹ್ನದವರೆಗೂ ಮನೆಮನೆಯ ಕೋಳಿ ಹಿಡಿದು ಕಿವಿ ನೋಡಿದ. ಕಿವಿ ಕೆಂಪಗಿದ್ದರೆ ರೆಕ್ಕೆಯಲ್ಲಿ ಬಿಳುಪು, ರೆಕ್ಕೆ ಕಪ್ಪಗಿದ್ದರೆ ಕಿವಿ ಬಿಳುಪು. ಬರಿಗೈಯಲ್ಲಿ ವಾಪಸಾದ.

ಮಂಗಳವಾರ ಚೆಲುವಮ್ಮ ಗಂಡನನ್ನೂ ಹೊರಡಿಸಿಕೊಂಡು, ಹೇಂಟೆಯನ್ನು ಕಂಕುಳಲ್ಲಿಟ್ಟುಕೊಂಡು ಗುಡಿಗೆ ಹೋದಳು. ಕಾಯಿ ಒಡೆಸಿ, ಗರಿ ಸರಿಸಿ ಅಮ್ಮನಿಗೇ ತೋರಿಸಿದಳು.

"ನೋಡ್ಕೊ ತಾಯಿ, ನಾ ಸುಳ್ಳೇಳ್ತಿಲ್ಲ. ಮಚ್ಚೆ ಇಲ್ದಿರೋದ್ನ ನೀನೇ ಉಟ್ಟಿಸು, ತಂದ್ ಕೊಡ್ತೀನಿ. ಅಲ್ಲಿಗಂಟ ನನ್ ಗಂಡನ ಕಾಲು ನಿಂದೇ ಜವಾಬ್ದಾರಿ."

ದೊಡ್ಡಮಾದಪ್ಪ ಗುಡಿಯ ಮೆಟ್ಟಿಲುಗಳನ್ನು ಒಂದೊಂದಾಗಿ, ಗೋಡೆ ಹಿಡಿದುಕೊಂಡು ಇಳಿದ.